ಸಿಡ್ನಿಯ ಸಂಗೀತಮಂದಿರವೂ ನಮ್ಮ ಬಸದಿಯ ಕೂಪನ್ ಪುಸ್ತಕವೂ



ಪ್ರವಾಸಕಥನವನ್ನು ಬರೆಯುವ ಉದ್ದೇಶ ನನ್ನದಲ್ಲ. ಅದಕ್ಕೆ ಬೇಕಾದ ಕೌಶಲವೂ ನನ್ನಲ್ಲಿಲ್ಲ. ಅತ್ತಿಗುಪ್ಪೆಯಲ್ಲಿ ನೆಲಕ್ಕೂ ಗೋಡೆಗೂ ಹಾಸುವ ಟೈಲ್ಸ್ ಮಾರುತ್ತ ಮೂವತ್ತಾರು ವರ್ಷ ಕಳೆದ ವ್ಯಾಪಾರಿ ನಾನು. ಬಿ.ಕಾಂ. ಓದಿದ್ದರಿಂದ ಲೆಕ್ಕಪತ್ರದ ಅಭ್ಯಾಸವುಂಟು. ತಂದೆಯವರು ಪ್ರತಿದಿನ ಸಂಜೆ ಸ್ವಾಧ್ಯಾಯಕ್ಕೆ ಕೂರಿಸುತ್ತಿದ್ದುದರಿಂದ ಶ್ರಾವಕಾಚಾರ ಗ್ರಂಥಗಳ ಅಲ್ಪಸ್ವಲ್ಪ ಪರಿಚಯವುಂಟು. ಈ ಎರಡರ ಬಲದಿಂದ ನಮ್ಮ ಬಡಾವಣೆಯ ಬಸದಿಯ ಟ್ರಸ್ಟಿನವರು ಹನ್ನೊಂದು ವರ್ಷಗಳ ಹಿಂದೆ ನನ್ನನ್ನು ಖಜಾಂಚಿಯನ್ನಾಗಿ ಮಾಡಿದರು. 2023ರ ಅಕ್ಟೋಬರ್ ತಿಂಗಳಲ್ಲಿ ಮಗಳ ಮನೆಗೆಂದು ಆಸ್ಟ್ರೇಲಿಯಾ ದೇಶದ ಸಿಡ್ನಿ ನಗರಕ್ಕೆ ಹೋಗಿದ್ದಾಗ ಅಲ್ಲಿನ ಜಗತ್ಪ್ರಸಿದ್ಧವಾದ ಒಪೆರಾ ಹೌಸನ್ನು ನೋಡುವ ಯೋಗ ಒದಗಿತು. ಅದನ್ನು ನೋಡಿದ ಫಲವಾಗಿ, ಖಜಾಂಚಿಯಾಗಿ ನಾನು ಮಾಡಿದ್ದ ಒಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ಬಸದಿಗಳ ಹೊಣೆ ಹೊತ್ತ ಬಂಧುಗಳಿಗೆ ಉಪಯೋಗವಾದೀತೆಂಬ ಭಾವನೆಯಿಂದ ಅದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲು ಆ ತಪ್ಪಿನ ಹಿನ್ನೆಲೆಯನ್ನು ಹೇಳಬೇಕು. ನಮ್ಮ ಬಸದಿಯ ಪಕ್ಕದಲ್ಲಿ ಪ್ರವಚನಕ್ಕೂ ಮಕ್ಕಳ ಪಾಠಶಾಲೆಗೂ ಅನುಕೂಲವಾಗುವಂತೆ ಒಂದು ಸಭಾಭವನವನ್ನು ಕಟ್ಟಲಾರಂಭಿಸಿದ್ದೆವು. ಅಡಿಪಾಯ ಮುಗಿಯುವಷ್ಟರಲ್ಲಿ ಹಣ ಮುಗಿಯಿತು. ಆಗ ಸಮಿತಿಯಲ್ಲಿ ‘ಅದೃಷ್ಟ ಕೂಪನ್’ ಯೋಜನೆಯನ್ನು ಸೂಚಿಸಿದವನು ನಾನೇ. ತಲಾ 100 ರೂಪಾಯಿಯ 5,000 ಕೂಪನ್ನುಗಳು. ಮೊದಲ ಬಹುಮಾನ ಒಂದು ಸ್ಕೂಟರು, ಅನಂತರ ಚಿನ್ನದ ನಾಣ್ಯ, ಮಿಕ್ಸಿ ಇತ್ಯಾದಿ. ಮಹಾವೀರ ಜಯಂತಿಯ ದಿನ ಚೀಟಿ ಎತ್ತುವುದೆಂದು ಗೊತ್ತುಮಾಡಿ, ಪುಸ್ತಕಗಳನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿದೆವು. ನನ್ನ ಪಾಲಿಗೆ 200 ಬಂದವು. ವಿಮಾನ ಹತ್ತುವ ಮುನ್ನ ಅವುಗಳಲ್ಲಿ 164 ಮಾರಿದ್ದೆನೆಂಬ ತೃಪ್ತಿ ನನ್ನದಾಗಿತ್ತು.

ಸಿಡ್ನಿಯಲ್ಲಿ ಮಗಳ ಮನೆಯಿರುವುದು ಪಶ್ಚಿಮದ ಪ್ಯಾರಮಟ್ಟಾ ಭಾಗದಲ್ಲಿ. ಅಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಸಂಜೆಯ ಹೊತ್ತು ಉದ್ಯಾನದಲ್ಲಿ ಮೊಮ್ಮಕ್ಕಳನ್ನು ಆಡಿಸಲು ಬರುವ ನನ್ನ ವಯಸ್ಸಿನವರೊಡನೆ ವಿಜಯನಗರದ ಮಾರುಕಟ್ಟೆಯ ಸುದ್ದಿಯನ್ನೇ ಮಾತನಾಡಬಹುದು. ಒಂದು ಶನಿವಾರ ಅಳಿಯಂದಿರು ನಮ್ಮಿಬ್ಬರನ್ನೂ ಮೊಮ್ಮಗಳನ್ನೂ ದೋಣಿಯಲ್ಲಿ ಕರೆದುಕೊಂಡು ಹೊರಟರು. ಪ್ಯಾರಮಟ್ಟಾ ನದಿಯ ಮೇಲೆ ಬಹಳ ಹೊತ್ತು ಸಾಗಿದ ಮೇಲೆ ಬಂದರಿನ ದೊಡ್ಡ ಕಬ್ಬಿಣದ ಸೇತುವೆಯ ಕೆಳಗೆ ದೋಣಿ ನುಸುಳಿತು. ಆ ಕ್ಷಣವೇ ಬಲಗಡೆ ನೀರಿನ ಅಂಚಿನಲ್ಲಿ, ಗಾಳಿ ತುಂಬಿದ ಹಾಯಿಗಳಂತೆ, ಆ ಬಿಳಿಯ ಮಂದಿರ ಗೋಚರವಾಯಿತು. ನನ್ನ ಶ್ರೀಮತಿಯವರು ತಮಗರಿವಿಲ್ಲದೆ ಕೈಮುಗಿದರು. ಅನಂತರ ಅವರಿಗೇ ನಗು ಬಂದಿತು.

ದೂರದಿಂದ ಅಚ್ಚ ಬಿಳಿಯಾಗಿ ಕಾಣುವ ಚಾವಣಿ, ಮೆಟ್ಟಿಲು ಹತ್ತಿ ಸಮೀಪಕ್ಕೆ ಹೋದರೆ ಬಿಳಿಯಲ್ಲ. ಹೊಳಪಿನ ಬಿಳಿ, ಹೊಳಪಿಲ್ಲದ ಕೆನೆಬಣ್ಣ ಎಂಬ ಎರಡು ಬಗೆಯ ಬಿಲ್ಲೆಗಳನ್ನು ಸೇರಿಸಿ ಮುಚ್ಚಿದ್ದಾರೆ. ಒಟ್ಟು 10,56,006 ಬಿಲ್ಲೆಗಳು. ಸ್ವೀಡನ್ ದೇಶದ ಹೊಗನಾಸ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾದವು. ಚಾವಣಿಯ ತುದಿ ಕೆಳಗಿಳಿದು ಕೈಗೆಟುಕುವ ಕಡೆ ನಾನು ಅಂಗೈಯಿಟ್ಟು ನೋಡಿದೆನು. ನನ್ನ ವೃತ್ತಿಯೇ ಅದಾದುದರಿಂದ ನನ್ನ ಬೆರಳುಗಳು ಮೊದಲು ಸಂದುಗಳನ್ನೇ ಹುಡುಕಿದವು. ಅರ್ಧ ಶತಮಾನದ ಕಡಲಗಾಳಿ, ಬಿಸಿಲು, ಮಳೆಗಳನ್ನುಂಡ ಬಿಲ್ಲೆಗಳಲ್ಲಿ ನಾನು ಮುಟ್ಟಿದಷ್ಟರಲ್ಲಿ ಒಂದೂ ಬಿರುಕು ಬಿಟ್ಟಿರಲಿಲ್ಲ. ಒಂದೇ ಮನೆಯ ಅಡುಗೆಕೋಣೆಗೆ ಒಂದೇ ಬಣ್ಣದ ಸರಕನ್ನು ಒದಗಿಸಲು ಪಡುವ ಪಾಡು ನನಗೆ ಗೊತ್ತು. ಹತ್ತು ಲಕ್ಷ ಬಿಲ್ಲೆಗಳನ್ನು ಏಕರೂಪವಾಗಿ ಒದಗಿಸಿದ ಆ ಕಾರ್ಖಾನೆಯವರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆನು.

ಆ ನೆಲಕ್ಕೆ ಬೆನೆಲಾಂಗ್ ಪಾಯಿಂಟ್ ಎಂದು ಹೆಸರು. ಬೆನೆಲಾಂಗ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಾಳಿದ ಮೂಲನಿವಾಸಿ. ಆಂಗ್ಲರಿಗೂ ತನ್ನ ಜನರಿಗೂ ನಡುವೆ ಮಾತಿನ ಸೇತುವೆಯಾಗಿದ್ದವನು. ಆಂಗ್ಲರು ಬರುವ ಮೊದಲು ಅದು ಗ್ಯಾಡಿಗಲ್ ಜನರ ನೆಲವಾಗಿತ್ತು. ಮುಂದೆ ಅಲ್ಲಿ ಕೋಟೆ ಬಂದಿತು, ಕೋಟೆ ಹೋಗಿ ಟ್ರಾಮ್ ಬಂಡಿಗಳ ನಿಲುಗಡೆ ಬಂದಿತು. ಆ ಸ್ಥಳದಲ್ಲಿ ಸಂಗೀತಕ್ಕೂ ನಾಟಕಕ್ಕೂ ಒಂದು ಮಂದಿರ ಬೇಕೆಂದು ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರ ನಡೆಸಿದ ವಿನ್ಯಾಸ ಸ್ಪರ್ಧೆಗೆ 233 ನಕ್ಷೆಗಳು ಬಂದವು. 1957ರಲ್ಲಿ ಡೆನ್ಮಾರ್ಕ್ ದೇಶದ ಯೋರ್ನ್ ಉಟ್ಜೋನ್ ಎಂಬ 38 ವರ್ಷದ ವಾಸ್ತುಶಿಲ್ಪಿಯ ನಕ್ಷೆ ಆಯ್ಕೆಯಾಯಿತು. 1959ರಲ್ಲಿ ಕೆಲಸ ಆರಂಭವಾಯಿತು. ಆ ವಕ್ರವಾದ ಚಾವಣಿಗಳನ್ನು ಹೇಗೆ ಕಟ್ಟಬೇಕೆಂಬುದೇ ವರ್ಷಗಟ್ಟಲೆ ಬಗೆಹರಿಯಲಿಲ್ಲ. ಕೊನೆಗೆ, ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿದ ತುಂಡುಗಳೆಂದು ಭಾವಿಸಿದರೆ ಒಂದೇ ಅಚ್ಚಿನಲ್ಲಿ ಭಾಗಗಳನ್ನು ಎರಕ ಹೊಯ್ಯಬಹುದೆಂಬ ಉಪಾಯವನ್ನು 1961ರಲ್ಲಿ ಕಂಡುಕೊಂಡರು.

ಈ ನಡುವೆ ಸರ್ಕಾರ ಬದಲಾಗಿ, ಖರ್ಚಿನ ವಿಚಾರದಲ್ಲಿ ಮನಸ್ತಾಪ ಬೆಳೆದು, 1966ರಲ್ಲಿ ಉಟ್ಜೋನ್ ಅವರು ರಾಜೀನಾಮೆಯಿತ್ತು ಕುಟುಂಬ ಸಮೇತರಾಗಿ ಆ ದೇಶವನ್ನೇ ಬಿಟ್ಟರು. ಉಳಿದ ಕೆಲಸವನ್ನು ಪೀಟರ್ ಹಾಲ್ ಮೊದಲಾದ ಅಲ್ಲಿನ ವಾಸ್ತುಶಿಲ್ಪಿಗಳು ಪೂರೈಸಿದರು. 1973ರ ಅಕ್ಟೋಬರ್ 20ರಂದು ಎರಡನೆಯ ಎಲಿಜಬೆತ್ ರಾಣಿಯವರು ಮಂದಿರವನ್ನು ಉದ್ಘಾಟಿಸಿದಾಗ ಅದರ ಕರ್ತೃ ಅಲ್ಲಿರಲಿಲ್ಲ. 2003ರಲ್ಲಿ ಅವರಿಗೆ ವಾಸ್ತುಶಿಲ್ಪದ ಶ್ರೇಷ್ಠ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು; 2007ರಲ್ಲಿ ಮಂದಿರ ವಿಶ್ವ ಪರಂಪರೆಯ ತಾಣವಾಯಿತು; 2008ರಲ್ಲಿ ಅವರು ನಿಧನರಾದರು. ತಾವು ಕಲ್ಪಿಸಿದ ಕಟ್ಟಡ ಪೂರ್ಣವಾಗಿ ನಿಂತುದನ್ನು ಅವರು ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ. ನಾನು ಹೋದ ತಿಂಗಳು ಮಂದಿರಕ್ಕೆ 50 ವರ್ಷ ತುಂಬಿದ ತಿಂಗಳು.

ಒಳಗೆ ಗುಂಪುಗುಂಪಾಗಿ ಕರೆದೊಯ್ದು ವಿವರಿಸುವ ವ್ಯವಸ್ಥೆಯುಂಟು. ನಮಗೆ ದಾರಿ ತೋರಿದ ಮಹಿಳೆಯವರು ಲೆಕ್ಕದ ವಿಷಯಕ್ಕೆ ಬಂದಾಗ ನಾನು ಕಿವಿ ನಿಮಿರಿಸಿದೆನು. ಮೊದಲ ಅಂದಾಜು 70 ಲಕ್ಷ ಡಾಲರು. ಮುಗಿದಾಗ ಆದ ವೆಚ್ಚ 10 ಕೋಟಿ 20 ಲಕ್ಷ ಡಾಲರು! 1963ರಲ್ಲಿ ಮುಗಿಯಬೇಕಾಗಿದ್ದುದು ಹತ್ತು ವರ್ಷ ತಡವಾಯಿತು. ಅಂದಾಜನ್ನು ಮೀರಿದ ನಮ್ಮ ಪುಟ್ಟ ಸಭಾಭವನವನ್ನು ನೆನೆದು ನನಗೆ ಸ್ವಲ್ಪ ಸಮಾಧಾನವೇ ಆಯಿತೆನ್ನಬೇಕು. ಅಷ್ಟು ಹಣ ಎಲ್ಲಿಂದ ಬಂದಿತೆಂದು ಕೇಳಿದೆನು. ಸಾರ್ವಜನಿಕರಿಂದ ವಂತಿಗೆ ಎತ್ತಿದರೂ ಅದು ಸಾಲಲಿಲ್ಲವೆಂದೂ, ಆದುದರಿಂದ ಸರ್ಕಾರವೇ ಒಪೆರಾ ಹೌಸ್ ಲಾಟರಿಯೆಂಬುದನ್ನು ತೆರೆಯಿತೆಂದೂ, ವೆಚ್ಚದ ಬಹುಪಾಲು ಅದರಿಂದಲೇ ಬಂದು 1975ರ ವೇಳೆಗೆ ಸಾಲವೆಲ್ಲ ತೀರಿತೆಂದೂ ಆಕೆ ಅಭಿಮಾನದಿಂದ ಹೇಳಿದರು.

ನಿಜ ಹೇಳುವುದಾದರೆ ಆ ಮಾತನ್ನು ಕೇಳಿ ನನಗೆ ಮೊದಲು ಆದದ್ದು ಸಂತೋಷ. ನನ್ನ ಕೂಪನ್ ಯೋಜನೆಗೆ ಜಗತ್ತಿನಲ್ಲೇ ಹೆಸರಾದ ಒಂದು ಮೇಲ್ಪಂಕ್ತಿ ದೊರೆತಂತಾಯಿತು. ಊರಿಗೆ ಮರಳಿದ ಮೇಲೆ ಸಮಿತಿಯಲ್ಲಿ ಇದನ್ನು ಹೇಳಬೇಕೆಂದು ಕಿರುಹೊತ್ತಿಗೆಯಲ್ಲಿ ಗುರುತೂ ಮಾಡಿಕೊಂಡೆನು.

ಅಷ್ಟರಲ್ಲಿ ಹತ್ತು ವರ್ಷದ ಮೊಮ್ಮಗಳು ಕೇಳಿದಳು: “ತಾತ, ಬಸದೀಲಿ ಫ್ಯಾನ್ ಮೇಲೆಲ್ಲಾ ದುಡ್ಡು ಕೊಟ್ಟೋರ ಹೆಸರು ಬರೆದಿರ್ತಾರಲ್ಲ, ಇಲ್ಲಿ ಆ ಟಿಕೆಟ್ ತೊಗೊಂಡೋರ ಹೆಸರು ಎಲ್ಲಿದೆ?”

ನಾವೆಲ್ಲರೂ ನಕ್ಕೆವು. ನಮ್ಮ ಬಸದಿಗಳಲ್ಲಿ ಫ್ಯಾನಿನ ರೆಕ್ಕೆ, ಟ್ಯೂಬ್‌ಲೈಟಿನ ಪಟ್ಟಿ, ಮೆಟ್ಟಿಲಿನ ಕಲ್ಲು ಯಾವುದೂ ದಾನಿಯ ಹೆಸರಿಲ್ಲದೆ ಇರುವುದಿಲ್ಲ. ಆದರೆ ಮಗುವಿನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಲಕ್ಷಾಂತರ ಜನರ ಹೆಸರು ನನಗೆಲ್ಲಿಯೂ ಕಾಣಲಿಲ್ಲ. ಅವರು ಗುಪ್ತದಾನಿಗಳೇ? ಅಲ್ಲ. ಅವರು ಕೊಟ್ಟದ್ದು ಸಂಗೀತಕ್ಕೆಂದಲ್ಲ, ಬಹುಮಾನಕ್ಕೆಂದು. ಬಹುಮಾನ ಬಾರದವನು ದಾನ ಮಾಡಿದೆನೆಂದುಕೊಳ್ಳಲಿಲ್ಲ, ಸೋತೆನೆಂದುಕೊಂಡನು. ಹೀಗಿರುವಾಗ ಹೆಸರು ಬರೆಯುವುದಾದರೂ ಏನೆಂದು?

ಹೊರಗೆ ಮೆಟ್ಟಿಲುಗಳ ಮೇಲೆ ಕುಳಿತು ಸೂರ್ಯಾಸ್ತಕ್ಕೆ ಮೊದಲು ನಾವು ತಂದಿದ್ದ ಚಪಾತಿ, ಪಲ್ಯಗಳ ಡಬ್ಬಿಯನ್ನು ಬಿಚ್ಚಿದೆವು. ಆ ರಾತ್ರಿಯ ಸಂಗೀತ ಕಛೇರಿಗೆ ಅಳಿಯಂದಿರು ಟಿಕೆಟ್ಟು ತೆಗೆದಿದ್ದರು. ಕಡಲಹಕ್ಕಿಗಳು ಚಪಾತಿಯ ಮೇಲೆ ಕಣ್ಣಿಟ್ಟು ಸುತ್ತುತ್ತಿದ್ದವು. ಆಗ ಅಳಿಯಂದಿರು, “ಮಾವ, ಆ ಲಾಟರಿಯ ಇನ್ನೊಂದು ಸಂಗತಿ ಇದೆ, ಆಕೆ ಹೇಳಲಿಲ್ಲ,” ಎಂದು ತಗ್ಗಿದ ದನಿಯಲ್ಲಿ ಹೇಳತೊಡಗಿದರು.

1960ರ ಜೂನ್ ತಿಂಗಳಲ್ಲಿ ಆ ಲಾಟರಿಯ 1,00,000 ಪೌಂಡುಗಳ ಬಹುಮಾನ ಸಿಡ್ನಿಯ ಒಬ್ಬ ಸಾಮಾನ್ಯ ಗೃಹಸ್ಥನಿಗೆ ಬಂದಿತು. ಅಂಗಡಿಯಿಂದಂಗಡಿಗೆ ತಿರುಗಿ ಸರಕಿಗೆ ಗಿರಾಕಿ ಹಿಡಿಯುವ ವೃತ್ತಿ ಆತನದು. ಆ ಕಾಲದ ಪದ್ಧತಿಯಂತೆ ಆತನ ಹೆಸರೂ ವಿಳಾಸವೂ ಪತ್ರಿಕೆಗಳಲ್ಲಿ ಅಚ್ಚಾದವು. ಜುಲೈ 7ರ ಬೆಳಿಗ್ಗೆ ಶಾಲೆಗೆಂದು ಹೊರಟ ಆತನ ಎಂಟು ವರ್ಷದ ಮಗನನ್ನು ಒಬ್ಬನು ಅಪಹರಿಸಿ, 25,000 ಪೌಂಡುಗಳನ್ನು ಕೇಳಿದನು. ಹಣ ಕೈಸೇರುವ ಮೊದಲೇ ಮಗುವನ್ನು ಕೊಂದಿದ್ದನು. ಆಗಸ್ಟ್ ತಿಂಗಳಲ್ಲಿ ಮಗುವಿನ ಶವ ಸಿಕ್ಕಿತು. ಅಪರಾಧಿ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಗೊಳಗಾದನು. ಅಂದಿನಿಂದ, ಗೆದ್ದವರು ಬಯಸಿದರೆ ಅವರ ಹೆಸರನ್ನು ಗೋಪ್ಯವಾಗಿಡುವ ಪದ್ಧತಿ ಬಂದಿತು. ಆ ಕುಟುಂಬದ ಹೆಸರು ದಾಖಲೆಗಳಲ್ಲಿದೆ. ಆದರೆ ಹೆಸರು ಅಚ್ಚಾದುದರಿಂದಲೇ ಒದಗಿದ ದುಃಖವದು. ನಾನು ಇಲ್ಲಿ ಮತ್ತೊಮ್ಮೆ ಅಚ್ಚು ಮಾಡಿಸಲಾರೆ.

ಕೊಲೆಗಾರನ ಪಾಪ ಕೊಲೆಗಾರನದೇ. ಅದನ್ನು ಲಾಟರಿಯ ಮೇಲೋ ಮಂದಿರದ ಮೇಲೋ ಹೊರಿಸುವುದು ನ್ಯಾಯವಲ್ಲ. ಆದರೆ ಒಬ್ಬನ ಲೋಭವನ್ನು ಎಬ್ಬಿಸಿ ಹಣ ಕೂಡಿಸಹೊರಟಾಗ, ಎದ್ದ ಲೋಭ ಎಲ್ಲಿ ಹೋಗಿ ನಿಲ್ಲುತ್ತದೆಂಬುದು ಎಬ್ಬಿಸಿದವರ ಕೈಯಲ್ಲಿರುವುದಿಲ್ಲ. ನನ್ನ ಕೈಯ ಚಪಾತಿ ಕೈಯಲ್ಲೇ ಉಳಿಯಿತು.

ರಾತ್ರಿಯ ಕಛೇರಿ ದೊಡ್ಡ ಸಭಾಂಗಣದಲ್ಲಿ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಆಸನಗಳು. ಒಳಗೋಡೆಯೆಲ್ಲ ಮರದ ಹಲಗೆಗಳು. ವೇದಿಕೆಯ ಹಿಂದೆ 10,000ಕ್ಕೂ ಮಿಗಿಲಾದ ಕೊಳವೆಗಳುಳ್ಳ ಮಹಾ ಆರ್ಗನ್ ವಾದ್ಯ. ವಾದಕರೆಲ್ಲರೂ ಕುಳಿತ ಮೇಲೆ ಓಬೋ ಎಂಬ ಊದುವಾದ್ಯ ಒಂದೇ ಸ್ವರವನ್ನು ಹಿಡಿಯಿತು. ಉಳಿದ ವಾದ್ಯಗಳೆಲ್ಲ ಅದಕ್ಕೆ ಶ್ರುತಿ ಕೂಡಿಸಿಕೊಂಡವು. ಆ ಸಂಗೀತದ ಶಾಸ್ತ್ರ ನನಗೆ ತಿಳಿಯದು. ಆದರೂ ಅಷ್ಟು ಜನರು ಉಸಿರು ಬಿಗಿಹಿಡಿದು ಕುಳಿತಿದ್ದುದೂ, ಕೊನೆಯ ನಾದ ಅಡಗಿದ ಮೇಲೆ ಅರೆಗಳಿಗೆ ಯಾರೂ ಚಪ್ಪಾಳೆ ತಟ್ಟದೆ ಇದ್ದುದೂ ಮನಸ್ಸನ್ನು ತುಂಬಿದವು. ಕಲೆಯನ್ನು ನಮ್ಮ ಪರಂಪರೆ ಹೀಗಳೆದಿಲ್ಲ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದೇ ಹೊಗಳುತ್ತವೆ.

ಕಛೇರಿಯ ನಡುವೆ ನನಗೆ ನೆನಪಾದದ್ದು ನೀಲಾಂಜನೆಯ ಪ್ರಸಂಗ. ಜಿನಸೇನಾಚಾರ್ಯರಿಂದ ಬಂದು, ಕನ್ನಡದಲ್ಲಿ ಪಂಪನ ಆದಿಪುರಾಣದಿಂದ ನಮಗೆಲ್ಲ ಪರಿಚಿತವಾದ ಕಥೆ. ಋಷಭನಾಥನ ಆಸ್ಥಾನದಲ್ಲಿ ಕುಣಿಯುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ದೇವೇಂದ್ರನು ಕಣ್ಣೆವೆಯಿಕ್ಕುವಷ್ಟರಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ನೃತ್ಯ ಮುಂದುವರಿಯಿತು, ತಾಳ ತಪ್ಪಲಿಲ್ಲ, ಸಭೆ ಅರಿಯಲಿಲ್ಲ. ಅರಿತವನು ಋಷಭನೊಬ್ಬನೇ. ಈ ಕಥೆಯನ್ನು ನಾವು ಸಾಮಾನ್ಯವಾಗಿ ದೇಹದ ಅನಿತ್ಯತೆಗೆ ನಿದರ್ಶನವಾಗಿ ಕೇಳುತ್ತೇವೆ. ಅಂದು ನನಗೆ ಅದರಲ್ಲಿ ಇನ್ನೊಂದು ಮಾತು ಕೇಳಿಸಿತು. ನಮ್ಮ ಬಸದಿಯ ಖಾತೆಯಲ್ಲಿಯೂ ಹೀಗೊಂದು ಬದಲಾವಣೆ ನಡೆದುಹೋಗಿತ್ತು. ದಾನ ನಿಂತಿತ್ತು, ಅದರಂತೆಯೇ ಕಾಣುವ ಮತ್ತೊಂದು ಅದರ ಸ್ಥಾನಕ್ಕೆ ಬಂದಿತ್ತು. ನೋಟು ಅದೇ, ರಸೀತಿಯ ಮೇಲಿನ ಸ್ವಸ್ತಿಕ ಅದೇ, ಜಮೆಯ ಮೊತ್ತ ಅದೇ. ಸಭೆ ಅರಿಯದಿದ್ದರೆ ತಪ್ಪಿಲ್ಲ, ಖಜಾಂಚಿ ಅರಿಯಬೇಕಾಗಿತ್ತು. ಇಲ್ಲಿ ದೇವೇಂದ್ರನ ಕೆಲಸವನ್ನು ಮಾಡಿದವನು ಖಜಾಂಚಿಯೇ ಆಗಿದ್ದನು.

ಮನೆ ಸೇರಿದಾಗ ಅಲ್ಲಿ ರಾತ್ರಿ ಹನ್ನೊಂದೂವರೆ. ಅತ್ತಿಗುಪ್ಪೆಯಲ್ಲಿ ಸಂಜೆ ಆರು ಗಂಟೆ, ಅಂಗಡಿ ತೆರೆದಿರುವ ಹೊತ್ತು. ಮಗನಿಗೆ ಫೋನ್ ಮಾಡಿ, ಕೂಪನ್ ಪುಸ್ತಕಗಳ ಕೌಂಟರ್‌ಫಾಯಿಲುಗಳಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಲು ಹೇಳಿದೆನು. 164ರಲ್ಲಿ 61 ಕೂಪನ್ನುಗಳನ್ನು ಕೊಂಡವರು ನಮ್ಮ ಅಂಗಡಿಯ ಹುಡುಗರು, ಸರಕು ಇಳಿಸುವ ಹಮಾಲಿಗಳು, ಟೆಂಪೋ ಚಾಲಕರು, ನಮ್ಮಿಂದ ಕೆಲಸ ಪಡೆಯುವ ಟೈಲ್ಸ್ ಮೇಸ್ತ್ರಿಗಳು. ಅವರಲ್ಲಿ ಒಬ್ಬನೂ ಜೈನನಲ್ಲ. ಬಸದಿಯ ಸಭಾಭವನದಲ್ಲಿ ಅವರು ಕುಳಿತು ಪ್ರವಚನ ಕೇಳುವವರಲ್ಲ. ಸಾಹುಕಾರನೇ ಪುಸ್ತಕ ಹಿಡಿದು ನಿಂತಾಗ ಬೇಡವೆನ್ನಲಾರದೆ ಕೆಲವರು, ಸ್ಕೂಟರಿನ ಆಸೆಯಿಂದ ಕೆಲವರು ಕೊಂಡಿದ್ದರು. ಒಬ್ಬ ಹಮಾಲಿ ಐದು ಕೊಂಡಿದ್ದನು. ಐದು ನೂರು ರೂಪಾಯಿ! ನಾನು ಕೊಟ್ಟ ಕೂಲಿಯನ್ನೇ ನಾನು ಹಿಂದಕ್ಕೆ ಪಡೆದು ಬಸದಿಗೆ ಜಮೆ ಮಾಡಿದ್ದೆನು.

ಇದಕ್ಕಿಂತಲೂ ನಾಚಿಕೆಯ ನೆನಪೊಂದು ಅಂದು ನನ್ನನ್ನು ನಿದ್ರಿಸಗೊಡಲಿಲ್ಲ. 2007ರಲ್ಲಿ ನಮ್ಮ ರಾಜ್ಯ ಸರ್ಕಾರ ಲಾಟರಿಯನ್ನು ನಿಷೇಧಿಸಿದಾಗ, ಪರ್ಯೂಷಣದ ಸಭೆಯಲ್ಲಿ ಅದನ್ನು ಸ್ವಾಗತಿಸಿ ಮಾತನಾಡಿದವನು ನಾನು. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಏಕೆಂದು ಇಪ್ಪತ್ತು ನಿಮಿಷ ವಿವರಿಸಿದ್ದೆನು. ಹದಿನಾರು ವರ್ಷಗಳ ಮೇಲೆ ಅದೇ ನಾನು ಲಾಟರಿಯೆಂಬ ಹೆಸರನ್ನು ಬಿಟ್ಟು ‘ಅದೃಷ್ಟ ಕೂಪನ್’ ಎಂಬ ಹೆಸರನ್ನಿಟ್ಟುಕೊಂಡಿದ್ದೆನು. ಕಾನೂನಿನ ಪ್ರಶ್ನೆಯನ್ನು ವಕೀಲರು ಹೇಳಲಿ. ಧರ್ಮದ ಪ್ರಶ್ನೆಗೆ ಉತ್ತರ ನನಗೆ ಹದಿನಾರು ವರ್ಷಗಳಿಂದ ಗೊತ್ತಿತ್ತು.

ಶಾಸ್ತ್ರಕಾರರು ಈ ವಿಷಯದಲ್ಲಿ ಸಂದಿಗ್ಧತೆಯನ್ನಿಟ್ಟಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಡುತ್ತಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಫಲವನ್ನು ಅಳೆಯುವಾಗ ಕೊಟ್ಟ ರೀತಿ, ಕೊಟ್ಟ ವಸ್ತು, ಪಡೆದ ಪಾತ್ರ ಇವುಗಳ ಜೊತೆಗೆ ಕೊಟ್ಟವನ ಗುಣವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನೂರು ರೂಪಾಯಿಯನ್ನು ಹುಂಡಿಗೆ ಹಾಕುವವನ ಮನಸ್ಸಿನಲ್ಲಿ ಅಷ್ಟರ ಮಟ್ಟಿಗೆ ಲೋಭ ಕಡಿಮೆಯಾಗುತ್ತದೆ. ಅದೇ ನೂರು ರೂಪಾಯಿಗೆ ಕೂಪನ್ ಕೊಳ್ಳುವವನ ಮನಸ್ಸಿನಲ್ಲಿ ಅಷ್ಟರ ಮಟ್ಟಿಗೆ ಲೋಭ ಹೆಚ್ಚಾಗುತ್ತದೆ. ಕಷಾಯವನ್ನು ಕಳೆಯಲೆಂದು ಕಟ್ಟುವ ಭವನಕ್ಕೆ ಕಷಾಯವನ್ನು ಬೆಳೆಸಿ ಹಣ ತರುವುದು ಹೇಗೆ ಸರಿಯಾದೀತು?

ಸಿಡ್ನಿಯ ಜನರು ಮಾಡಿದ್ದು ತಪ್ಪೆಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಅವರದು ಸರ್ಕಾರ, ನಮ್ಮದು ಬಸದಿ. ಐವತ್ತು ವರ್ಷಗಳಿಂದ ಆ ಮಂದಿರ ಅಸಂಖ್ಯಾತರಿಗೆ ಆನಂದವನ್ನಿತ್ತಿದೆ, ನನಗೂ ಇತ್ತಿತು. ಆದರೆ ಫಲ ಸುಂದರವಾಯಿತೆಂಬ ಕಾರಣದಿಂದ ಅದರ ಮೂಲವನ್ನು ಕೇಳಬಾರದೆಂಬುದಿಲ್ಲ. ಕೇಳಿದ ಮೇಲೂ ಅದರ ಸೌಂದರ್ಯವೇನೂ ಕಡಿಮೆಯಾಗಲಿಲ್ಲ. ನನ್ನ ಯೋಜನೆಯ ಸಮರ್ಥನೆ ಮಾತ್ರ ಉಳಿಯಲಿಲ್ಲ.

ನವೆಂಬರಿನಲ್ಲಿ ಮರಳಿ ಬಂದ ಮೇಲೆ ಸಮಿತಿಯ ಮುಂದೆ ಇದನ್ನೆಲ್ಲ ಹೇಳಿ, ಚೀಟಿ ಎತ್ತುವುದನ್ನು ರದ್ದುಮಾಡಬೇಕೆಂದು ಕೇಳಿಕೊಂಡೆನು. ಸಭೆ ಸುಲಭವಾಗಿ ಒಪ್ಪಲಿಲ್ಲ. ಎಲ್ಲ ಸಂಘಗಳವರೂ ಹೀಗೆಯೇ ಮಾಡುತ್ತಾರೆ, ಉದ್ದೇಶ ಒಳ್ಳೆಯದಲ್ಲವೇ ಎಂದರು ಕೆಲವರು. ಹಿರಿಯರೊಬ್ಬರು, “ಯೋಜನೆ ಹಾಕಿದವರೂ ನೀವೇ, ಈಗ ಧರ್ಮ ಹೇಳುವವರೂ ನೀವೇ. ನಿಮ್ಮ ಮಾತಿನಿಂದ ಗೋಡೆ ಏಳುತ್ತದೆಯೇ?” ಎಂದು ಕೇಳಿದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಸಭೆಗಳ ಚರ್ಚೆಯ ನಂತರ, ಕೇಳಿದವರಿಗೆಲ್ಲ ಹಣ ಹಿಂದಿರುಗಿಸುವುದೆಂದೂ, ಬೇಡವೆಂದವರಿಗೆ ದಾನದ ರಸೀತಿ ಕೊಡುವುದೆಂದೂ ತೀರ್ಮಾನವಾಯಿತು. ಅಚ್ಚಿನ ವೆಚ್ಚವನ್ನು ನಾನು ಭರಿಸಿದೆನು.

ಅಂಗಡಿಯವರ 61 ಕೂಪನ್ನುಗಳ ಹಣವನ್ನು ಮಾತ್ರ ಕೇಳುವವರೆಗೆ ಕಾಯದೆ ನಾನೇ ಅವರವರ ಕೈಗೆ ಕೊಟ್ಟೆನು. ಐದು ಕೊಂಡಿದ್ದ ಹಮಾಲಿ ನೋಟನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಸಾವ್ಕಾರ್ರೇ, ಈ ಸಲ ನಂಗೇ ಬರ್ತಿತ್ತೇನೋ ಸ್ಕೂಟರು,” ಎಂದನು. ನಗುತ್ತಲೇ ಹೇಳಿದನಾದರೂ ಅವನ ಕಣ್ಣಿನಲ್ಲಿ ನಿಜವಾದ ನಿರಾಶೆಯಿತ್ತು. ಆ ಆಸೆಯನ್ನು ಅವನಲ್ಲಿ ಬಿತ್ತಿದವನು ನಾನು; ಹಣವನ್ನು ಹಿಂದಿರುಗಿಸಬಲ್ಲೆನಾಗಿದ್ದೆನು, ಅದನ್ನು ಕಿತ್ತುಹಾಕಬಲ್ಲವನಾಗಿರಲಿಲ್ಲ.

ಸಭಾಭವನದ ಗೋಡೆ ಈಗ ಕಿಟಕಿಯ ಮಟ್ಟಕ್ಕೆ ನಿಂತಿದೆ. ಕೂಪನ್ ಯೋಜನೆ ನಡೆದಿದ್ದರೆ ಇಷ್ಟು ಹೊತ್ತಿಗೆ ಚಾವಣಿ ಬಿದ್ದಿರುತ್ತಿತ್ತೆಂದು ಹಿರಿಯರು ಆಗಾಗ ನೆನಪಿಸುತ್ತಾರೆ, ಅದು ಸತ್ಯವೇ. ಮಕ್ಕಳ ಪಾಠಶಾಲೆ ಇನ್ನೂ ಬಸದಿಯ ಜಗಲಿಯ ಮೇಲೆ ನಡೆಯುತ್ತಿದೆ. ಬೇರೆ ಊರುಗಳ ಟ್ರಸ್ಟಿನ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಎಷ್ಟು ಬಂದಿತೆಂಬ ಲೆಕ್ಕದ ಪಕ್ಕದಲ್ಲಿ, ಯಾರಿಂದ, ಯಾವ ಭಾವದಿಂದ ಬಂದಿತೆಂಬುದನ್ನೂ ವರ್ಷಕ್ಕೊಮ್ಮೆಯಾದರೂ ಕುಳಿತು ನೋಡಬೇಕು. ಇದು ನನ್ನ ಅಲ್ಪಮತಿಗೆ ತೋಚಿದ್ದು. ತಿಳಿದವರು ತಿದ್ದಿದರೆ ಉಪಕೃತನಾಗುವೆನು.